ಚರ್ಚಿನಲ್ಲೊಬ್ಬರು ನರ್ಸಮ್ಮ

ಅಮೆರಿಕದ ಊರುಗಳಲ್ಲಿ ಭಾನುವಾರದ ಆರಾಧನೆ ಮುಗಿದ ಕೂಡಲೇ ಜನ ಮನೆಗೆ ಹೊರಡುವುದಿಲ್ಲ. ಚರ್ಚಿಗೆ ಹೊಂದಿಕೊಂಡ ಸಭಾಂಗಣದಲ್ಲಿ ಕಾಫಿ, ಕೇಕು, ಒಂದಿಷ್ಟು ಹರಟೆ. ಕೆಲವು ಚರ್ಚುಗಳಲ್ಲಿ ಅದೇ ಸಭಾಂಗಣದ ಮೂಲೆಯಲ್ಲಿ ಬಿಪಿ ನೋಡುವ ಉಪಕರಣ ಇಟ್ಟುಕೊಂಡು ಒಬ್ಬರು ನರ್ಸ್ ಕೂತಿರುತ್ತಾರೆ. ಈಗಷ್ಟೇ ಕಾಫಿ ಕುಡಿದವರಿಗೆ ಅರ್ಧ ಗಂಟೆ ಬಿಟ್ಟು ಬನ್ನಿ ಎನ್ನುತ್ತಾರೆ. ಉಳಿದವರು ಪಾದ ನೆಲಕ್ಕೂರಿ, ಬೆನ್ನು ಒರಗಿಸಿ, ಐದು ನಿಮಿಷ ಸುಮ್ಮನೆ ಕೂರಬೇಕು. ಆಮೇಲೆ ತೋಳಿಗೆ ಪಟ್ಟಿ ಸುತ್ತಿ, ಬಂದ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ. ಇಷ್ಟಕ್ಕೆ ನರ್ಸೇ ಬೇಕಿಲ್ಲ, ನಿಜ. ಅವರ ಕೆಲಸ ಶುರುವಾಗುವುದು ಅಂಕಿ ಬರೆದಾದ ಮೇಲೆ. ‘ಮಾತ್ರೆ ದಿನಾ ತಗೊಳ್ತಿದ್ದೀರಾ?’ ಎಂದು ಕೇಳಿದರೆ, ದುಬಾರಿಯೆಂದು ಅರ್ಧರ್ಧ ಮುರಿದು ನುಂಗುತ್ತಿರುವ ಸಂಗತಿ ಹೊರಬರಬಹುದು. ಯಜಮಾನರು ಹೋದಮೇಲೆ ಒಬ್ಬಳಿಗಾಗಿ ಅಡುಗೆ ಮಾಡಲು ಮನಸ್ಸಾಗುವುದಿಲ್ಲ, ಡಬ್ಬಿಯ ಉಪ್ಪುಪ್ಪು ಸೂಪಿನಲ್ಲೇ ದಿನ ದೂಡುತ್ತಿದ್ದೇನೆ ಎಂಬ ಮಾತೂ ಬರಬಹುದು. ಡಾಕ್ಟರ ಮುಂದೆ ಹತ್ತು ನಿಮಿಷದಲ್ಲಿ ಬಾಯಿಗೆ ಬಾರದ್ದು ಇಲ್ಲಿ ಬರುತ್ತದೆ.

ಇವರನ್ನು ಪ್ಯಾರಿಷ್ ನರ್ಸ್, ಅಂದರೆ ಚರ್ಚಿನ ಸಭೆಯ ನರ್ಸ್, ಎಂದು ಕರೆದು ರೂಢಿ. ಈ ಕಸುಬಿಗೆ ಈಗಿನ ರೂಪ ಕೊಟ್ಟವರು ಲೂಥರನ್ ಪಾದ್ರಿ ಗ್ರೇಂಜರ್ ವೆಸ್ಟ್‌ಬರ್ಗ್ (1913–1999). ಷಿಕಾಗೊ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ, ಧರ್ಮಶಾಸ್ತ್ರ ಎರಡೂ ಕಡೆ ಪಾಠ ಹೇಳಿದವರು. 1970ರ ದಶಕದಲ್ಲಿ ಅವರು ಚರ್ಚಿನ ಕಟ್ಟಡಗಳಲ್ಲೇ ಚಿಕಿತ್ಸಾಲಯ ತೆರೆಸಿದರು. ಒಬ್ಬರು ವೈದ್ಯರು, ಒಬ್ಬರು ನರ್ಸ್, ಒಬ್ಬರು ಪಾದ್ರಿ, ಮೂವರೂ ಸೇರಿ ರೋಗಿಯ ಮಾತು ಕೇಳುವ ಏರ್ಪಾಡು. ಪ್ರಯೋಗ ಚೆನ್ನಾಗಿಯೇ ನಡೆಯಿತು, ಆದರೆ ವೆಚ್ಚ ಸಣ್ಣ ಸಭೆಗಳಿಗೆ ಹೊರಲಾರದಷ್ಟು. ಅಷ್ಟರಲ್ಲಿ ವೆಸ್ಟ್‌ಬರ್ಗ್ ಒಂದನ್ನು ಗಮನಿಸಿದ್ದರು. ವೈದ್ಯರು ಹೇಳಿದ್ದನ್ನು ರೋಗಿಗೆ, ರೋಗಿಯ ಸಂಕಟವನ್ನು ಪಾದ್ರಿಗೆ ದಾಟಿಸುತ್ತಿದ್ದವರು ನರ್ಸುಗಳೇ. ಹಾಗಾದರೆ ನರ್ಸನ್ನೇ ಸಭೆಯ ಸಿಬ್ಬಂದಿಯಾಗಿ ಇಟ್ಟುಕೊಳ್ಳಬಾರದೇಕೆ? 1980ರ ದಶಕದ ನಡುವಿನಲ್ಲಿ, ಷಿಕಾಗೊ ಪಕ್ಕದ ಪಾರ್ಕ್ ರಿಜ್‌ನ ಲೂಥರನ್ ಜನರಲ್ ಆಸ್ಪತ್ರೆಯ ಬೆಂಬಲದೊಂದಿಗೆ ಆರು ನರ್ಸುಗಳು ಆರು ಚರ್ಚುಗಳಲ್ಲಿ ಕೆಲಸಕ್ಕೆ ನಿಂತರು. ಅವುಗಳಲ್ಲಿ ಪ್ರಾಟೆಸ್ಟೆಂಟ್ ಸಭೆಗಳೂ ಇದ್ದವು, ಕ್ಯಾಥೊಲಿಕ್ ಚರ್ಚುಗಳೂ ಇದ್ದವು.

ಆ ಹೊತ್ತು ಆಕಸ್ಮಿಕವೇನಲ್ಲ. ಅಮೆರಿಕದ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ 1983ರಲ್ಲಿ ಹಣ ಕೊಡುವ ಪದ್ಧತಿಯನ್ನೇ ಬದಲಿಸಿತು. ರೋಗಿ ಎಷ್ಟು ದಿನವಿದ್ದರೂ ಇಂಥ ಕಾಯಿಲೆಗೆ ಇಂತಿಷ್ಟೇ ಹಣ ಎಂದಾಯಿತು. ಆಸ್ಪತ್ರೆಗಳು ರೋಗಿಗಳನ್ನು ಬೇಗ ಮನೆಗೆ ಕಳಿಸತೊಡಗಿದವು. ಗಾಯ ಇನ್ನೂ ಮಾಯುತ್ತಿರುವಾಗಲೇ ಎಪ್ಪತ್ತು ದಾಟಿದ ಒಂಟಿ ಜೀವಗಳು ಮನೆ ಸೇರಿದವು. ಅವರನ್ನು ಹೆಸರು ಹಿಡಿದು ಬಲ್ಲ, ಬಾರದಿದ್ದ ಭಾನುವಾರ ‘ಯಾಕೆ ಬಂದಿಲ್ಲ’ ಎಂದು ವಿಚಾರಿಸುವ ಜಾಗ ಚರ್ಚು.

ಮನೆಭೇಟಿಯಲ್ಲಿ ಈ ನರ್ಸುಗಳು ಮಾಡುವ ಒಂದು ಕೆಲಸ ನನಗೆ ಬಹಳ ಮೆಚ್ಚುಗೆಯದು. ಮನೆಯಲ್ಲಿರುವ ಔಷಧಗಳನ್ನೆಲ್ಲ, ಬಚ್ಚಲಮನೆಯ ಕಪಾಟಿನಲ್ಲಿರುವುದನ್ನೂ ತಲೆದಿಂಬಿನ ಪಕ್ಕದಲ್ಲಿರುವುದನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿ ತರಲು ಹೇಳುತ್ತಾರೆ. ಅಡುಗೆಮನೆಯ ಮೇಜಿನ ಮೇಲೆ ಚೀಲ ಸುರಿದು ಒಂದೊಂದೇ ಶೀಶೆ ಎತ್ತಿ ನೋಡುತ್ತಾರೆ. ಹೃದಯದ ಡಾಕ್ಟರು ಒಂದು ಹೆಸರಿನಲ್ಲಿ, ಮನೆಯ ಡಾಕ್ಟರು ಇನ್ನೊಂದು ಹೆಸರಿನಲ್ಲಿ ಬರೆದದ್ದು ಒಂದೇ ಮಾತ್ರೆಯಾಗಿರುತ್ತದೆ. ಅವಧಿ ಮುಗಿದ ಶೀಶೆಗಳು ಸಿಗುತ್ತವೆ, ತೀರಿಹೋದ ಗಂಡನ ನಿದ್ದೆ ಮಾತ್ರೆ ಸಿಗುತ್ತದೆ. ನರ್ಸ್ ತಾವಾಗಿ ಯಾವುದನ್ನೂ ನಿಲ್ಲಿಸುವುದಿಲ್ಲ, ಬದಲಿಸುವುದಿಲ್ಲ. ಪಟ್ಟಿ ಬರೆದು, ಅದನ್ನು ಹಿಡಿದು ಡಾಕ್ಟರನ್ನು ಏನು ಕೇಳಬೇಕೆಂದು ಹೇಳಿಕೊಡುತ್ತಾರೆ, ಬೇಕೆಂದರೆ ಜೊತೆಗೂ ಹೋಗುತ್ತಾರೆ.

ಇವರು ಸಾಮಾನ್ಯವಾಗಿ ಇಂಜೆಕ್ಷನ್ ಕೊಡುವುದಿಲ್ಲ, ಡ್ರಿಪ್ ಹಾಕುವುದಿಲ್ಲ, ಗಾಯಕ್ಕೆ ಕಟ್ಟು ಕಟ್ಟುವುದಿಲ್ಲ. ಅದಕ್ಕೆಲ್ಲ ಬೇರೆ ಏರ್ಪಾಡಿದೆ. ಆದರೂ ನೋಂದಾಯಿತ ನರ್ಸೇ ಆಗಿರಬೇಕು, ನರ್ಸಾಗಿ ದುಡಿದ ಅನುಭವವಿದ್ದರೆ ಒಳ್ಳೆಯದು, ಜೊತೆಗೆ ಈ ಕೆಲಸಕ್ಕೆಂದೇ ಇರುವ ತರಬೇತಿಯನ್ನೂ ಪಡೆದಿರಬೇಕು. ಪ್ರಾರ್ಥನೆ ಬೇಕೆಂದವರ ಜೊತೆ ಪ್ರಾರ್ಥಿಸುತ್ತಾರೆ. ಬೇಡವೆಂದವರಿಗೆ ಉಪದೇಶ ಮಾಡುವಂತಿಲ್ಲ. ಎಲ್ಲಕ್ಕಿಂತ ಕಟ್ಟುನಿಟ್ಟಿನದು ಗುಟ್ಟು ಕಾಯುವ ವಿಷಯ. ಯಾರು ಯಾವ ಕಾಯಿಲೆಯಿಂದ ನರಳುತ್ತಿದ್ದಾರೆಂದು ಸಭೆಯ ಮುಂದೆ ಓದಿ ಪ್ರಾರ್ಥನೆ ಕೋರುವುದು ಚರ್ಚಿನಲ್ಲಿ ಪ್ರೀತಿಯಿಂದಲೇ ನಡೆದುಬಂದ ರೂಢಿ. ನರ್ಸಿಗೆ ತಿಳಿದದ್ದು ರೋಗಿಯ ಒಪ್ಪಿಗೆಯಿಲ್ಲದೆ ಆ ಪಟ್ಟಿಗೆ ಸೇರಕೂಡದು, ಪಾದ್ರಿಯ ಕಿವಿಗೂ ಬೀಳಕೂಡದು. ಸಣ್ಣ ಊರಿನಲ್ಲಿ ಇದನ್ನು ಪಾಲಿಸುವುದು ಎಷ್ಟು ಕಷ್ಟವೆಂದು ಸಣ್ಣ ಊರಿನಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ.

ಇದರ ಬೇರು ಹಳೆಯದು. ಜರ್ಮನಿಯ ಡಸೆಲ್‌ಡಾರ್ಫ್ ಬಳಿಯ ಕೈಸರ್ಸ್‌ವರ್ತ್‌ನಲ್ಲಿ 1836ರಲ್ಲಿ ಪಾದ್ರಿ ಥಿಯೊಡೋರ್ ಫ್ಲೀಡ್ನರ್ ಹೆಣ್ಣುಮಕ್ಕಳಿಗೆ ಶುಶ್ರೂಷೆ ಕಲಿಸುವ ಸೇವಾಶ್ರಮ ತೆರೆದರು. ಅಲ್ಲಿ ಕಲಿತ ಡೀಕನೆಸ್ (ಚರ್ಚಿನ ಸೇವಾವ್ರತಿ) ಸೋದರಿಯರು ಆಸ್ಪತ್ರೆಗಳಿಗೂ ಹೋದರು, ಸಭೆಗಳ ಬಡವರ ಮನೆಗಳಿಗೂ ಹೋದರು. ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ತರಬೇತಿ ಪಡೆದದ್ದು ಅಲ್ಲೇ. 1849ರಲ್ಲಿ ಫ್ಲೀಡ್ನರ್ ನಾಲ್ವರು ಸೋದರಿಯರನ್ನು ಅಮೆರಿಕದ ಪಿಟ್ಸ್‌ಬರ್ಗಿಗೆ ಕರೆತಂದರು. ಪಾರ್ಕ್ ರಿಜ್‌ನ ಆಸ್ಪತ್ರೆಯೂ ಮೂಲದಲ್ಲಿ ನಾರ್ವೆಯಿಂದ ಬಂದು ನೆಲೆಸಿದ ಲೂಥರನ್ನರ ಡೀಕನೆಸ್ ಆಸ್ಪತ್ರೆ.

ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಇನ್ನೊಂದು ಪರಂಪರೆಯೇ ಇದೆ. ಅಲ್ಲಿ ಆರಾಧನೆಯ ಹೊತ್ತು ಬಿಳಿ ಉಡುಪು, ಬಿಳಿ ಕೈಗವಸು ತೊಟ್ಟ ಹೆಂಗಸರು ಸಾಲುಗಳ ಪಕ್ಕದಲ್ಲಿ ನಿಂತಿರುತ್ತಾರೆ. ಹಾಡು ಏರಿ ಮೈಮರೆತು ಕುಸಿದವರನ್ನು ಹಿಡಿದು ಕೂರಿಸುತ್ತಾರೆ, ಬೀಸಣಿಗೆಯಿಂದ ಗಾಳಿ ಹಾಕುತ್ತಾರೆ, ನೀರು ಕೊಡುತ್ತಾರೆ. ಇವರಲ್ಲಿ ಎಲ್ಲರೂ ನರ್ಸಿಂಗ್ ಓದಿದವರಲ್ಲ. ಆಸ್ಪತ್ರೆಗಳು ಕಪ್ಪು ಜನರನ್ನು ಬೇರೆ ವಾರ್ಡಿಗೆ ನೂಕುತ್ತಿದ್ದ, ಬಾಗಿಲಲ್ಲೇ ತಡೆಯುತ್ತಿದ್ದ ಕಾಲವನ್ನು ಕಂಡ ಸಮುದಾಯಗಳಿಗೆ ಚರ್ಚಿನ ಈ ಅಮ್ಮಂದಿರ ಮೇಲಿದ್ದ ನಂಬಿಕೆ ದೊಡ್ಡದು. ವೆಸ್ಟ್‌ಬರ್ಗ್ ಕಥೆ ಹೇಳುವಾಗ ಇವರನ್ನು ಮರೆಯುವುದು ಅನ್ಯಾಯ.

ನಮ್ಮಲ್ಲಿ ಧರ್ಮ ಮತ್ತು ದಾದಿ ಎಂದರೆ ಮೊದಲು ನೆನಪಾಗುವುದು 1880ರಲ್ಲಿ ಶುರುವಾದ ಮಂಗಳೂರಿನ ಫಾದರ್ ಮುಲ್ಲರ್, ಬೆಂಗಳೂರಿನ ಸೇಂಟ್ ಮಾರ್ಥಾಸ್, ಉಡುಪಿಯಲ್ಲಿ 1923ರಲ್ಲಿ ಬಾಸೆಲ್ ಮಿಶನ್ನಿನ ವೈದ್ಯೆ ಈವಾ ಲೊಂಬಾರ್ಡ್ ತೆರೆದ ಆಸ್ಪತ್ರೆ. ಅಲ್ಲೆಲ್ಲ ಧರ್ಮಸಂಸ್ಥೆ ಆಸ್ಪತ್ರೆ ಕಟ್ಟಿತು, ಕಾಯಿಲೆ ಬಿದ್ದವರು ಅಲ್ಲಿಗೆ ಬಂದರು. ಪ್ಯಾರಿಷ್ ನರ್ಸ್ ಇರುವುದು ಜನ ಗಟ್ಟಿಮುಟ್ಟಾಗಿರುವಾಗಲೂ ವಾರವಾರ ಸೇರುವ ಜಾಗದಲ್ಲಿ.

ಅಮೆರಿಕದ ನರ್ಸುಗಳ ಸಂಘ 1998ರಲ್ಲಿ ಈ ಕಸುಬಿಗೆ ನಿಯಮಾವಳಿ ಪ್ರಕಟಿಸಿತು. ಯಹೂದಿ, ಮುಸ್ಲಿಂ ಸಮುದಾಯಗಳಲ್ಲೂ ಇಂಥ ನರ್ಸುಗಳು ಬಂದಿದ್ದರಿಂದ 2005ರಲ್ಲಿ ಎಲ್ಲ ಧರ್ಮಗಳಿಗೂ ಹೊಂದುವ ಹೆಸರಿಟ್ಟಿತು. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಿಗೂ ಇದು ಹರಡಿದೆ. ಬಿಡುಗಡೆಯಾದ ರೋಗಿ ಮೂವತ್ತು ದಿನದೊಳಗೆ ಮತ್ತೆ ದಾಖಲಾಗುವುದು ಅತಿಯಾದರೆ ಆಸ್ಪತ್ರೆಗೆ ಹಣ ಕಡಿತ ಎಂಬ ಮೆಡಿಕೇರ್ ನಿಯಮ 2012ರಲ್ಲಿ ಜಾರಿಯಾದ ಮೇಲಂತೂ ಆಸ್ಪತ್ರೆಗಳಿಗೂ ಚರ್ಚುಗಳ ಸ್ನೇಹ ಬೇಕಾಯಿತು.

ಇಷ್ಟಾದರೂ ಇವರಲ್ಲಿ ಬಹುಪಾಲು ಮಂದಿಗೆ ಸಂಬಳವಿಲ್ಲ. ಹೆಚ್ಚಿನವರು ಹೆಂಗಸರು, ಹಲವರು ನಿವೃತ್ತರು. ಆರ್ಗನ್ ನುಡಿಸುವವರಿಗೆ, ಕಟ್ಟಡ ಗುಡಿಸುವವರಿಗೆ ಹಣ ಎತ್ತಿಡುವ ಸಭೆ ನರ್ಸಿನ ಕೆಲಸವನ್ನು ಮಾತ್ರ ಸೇವೆಯೆಂದು ಹೊಗಳಿ ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ಸೇವೆ ಮಾಡುವವರ ಮನಸ್ಸು ದೊಡ್ಡದು ಎಂಬುದು ಅವರಿಗೆ ಕೊಡಬೇಕಾದ್ದನ್ನು ಕೊಡದಿರಲು ಕಾರಣವಾಗಬಾರದು.

ವಾರವಾರ ಜನ ಸೇರುವ ಜಾಗ ಚರ್ಚೊಂದೇ ಅಲ್ಲ. ಅಮೆರಿಕದ ಹಲವು ಹಿಂದೂ ದೇವಸ್ಥಾನಗಳಲ್ಲಿ ಆರೋಗ್ಯ ಶಿಬಿರಗಳು ನಡೆಯುತ್ತವೆ, ಭಾರತೀಯ ಮೂಲದ ವೈದ್ಯರು ಮುತುವರ್ಜಿಯಿಂದ ಬರುತ್ತಾರೆ. ಆದರೆ ಶಿಬಿರ ಒಂದು ದಿನದ್ದು. ಮಕ್ಕಳ ಮನೆಗೆಂದು ಕರ್ನಾಟಕದಿಂದ ಹೋಗುವ ಅಪ್ಪ ಅಮ್ಮಂದಿರು ಆರು ತಿಂಗಳ ಮಾತ್ರೆ ಕಟ್ಟಿಕೊಂಡು ಹೋಗಿ, ಕಾರು ಓಡಿಸಲು ಬಾರದೆ ಮನೆಯೊಳಗೇ ಉಳಿದು, ವಾರಕ್ಕೊಮ್ಮೆ ದೇವಸ್ಥಾನದಲ್ಲಿ ನಾಲ್ಕು ಜನರ ಮುಖ ನೋಡುತ್ತಾರೆ. ಊರಿನ ಡೋಲೊ ಮತ್ತು ಅಲ್ಲಿನ ಟೈಲೆನಾಲ್ ಒಂದೇ ಔಷಧ, ಒಂದರ ಮೇಲೊಂದು ನುಂಗಿದರೆ ಯಕೃತ್ತಿಗೆ ಅಪಾಯ ಎಂಬುದನ್ನು ಅವರಿಗೆ ಕನ್ನಡದಲ್ಲೇ ಹೇಳಬಲ್ಲ, ಮಂಗಳೂರು ಬೆಂಗಳೂರುಗಳಲ್ಲಿ ಓದಿ ಹೋದ ನರ್ಸುಗಳು ಆ ದೇಶದಲ್ಲೇ ಇದ್ದಾರೆ.