ಉಗಿಯ ನೂಕು, ಉಗಿಯ ಸೋರಿಕೆ

ಇಡ್ಲಿ ಪಾತ್ರೆಯ ಮುಚ್ಚಳವು ಸರಿಯಾಗಿ ಕೂಡದಿದ್ದರೆ ಉಗಿಯು ಸಂದಿನಿಂದ ಹೊರಬಿದ್ದು ಉರುವಲು ವ್ಯರ್ಥವಾಗುವುದೆಂಬುದನ್ನು ನಮ್ಮ ಹೋಟೆಲು ಬಂಧುಗಳು ಚೆನ್ನಾಗಿ ಬಲ್ಲರು. ಅಲ್ಲಿ ಮುಚ್ಚಳದ ಮೇಲೆ ಭಾರವಿಟ್ಟರೆ ಸಾಕು. ಆದರೆ ವಿದ್ಯುತ್ತನ್ನು ಉತ್ಪಾದಿಸುವ ಉಗಿ ಟರ್ಬೈನಿನಲ್ಲಿ ಸಂದನ್ನು ಪೂರ್ತಿಯಾಗಿ ಮುಚ್ಚುವಂತಿಲ್ಲ. ನಿಮಿಷಕ್ಕೆ 3,000 ಸುತ್ತು ತಿರುಗುವ ಚಕ್ರವು ಹೊರಕವಚಕ್ಕೆ ಬಲವಾಗಿ ಉಜ್ಜಿತೆಂದರೆ ಅನಾಹುತವೇ ಸರಿ.

ಇನ್ನೊಂದು ತೊಡಕೂ ಉಂಟು. ತಿರುಗುವ ಅಲಗುಗಳ ಒಂದು ಪಕ್ಕದಲ್ಲಿ ಉಗಿಯ ಒತ್ತಡ ಹೆಚ್ಚು, ಮತ್ತೊಂದು ಪಕ್ಕದಲ್ಲಿ ಕಡಿಮೆ. ಆದುದರಿಂದ ಉಗಿಯು ಚಕ್ರವನ್ನು ತಿರುಗಿಸುವುದಲ್ಲದೆ ಇರುಸನ್ನು ಒಂದೇ ಕಡೆಗೆ ನೂಕುತ್ತಲೂ ಇರುತ್ತದೆ. 1884ರಲ್ಲಿ ಇಂಗ್ಲೆಂಡಿನಲ್ಲಿ ತಮ್ಮ ಮೊದಲ ಟರ್ಬೈನನ್ನು ರಚಿಸಿದ ಚಾರ್ಲ್ಸ್ ಪಾರ್ಸನ್ಸರು ಉಗಿಯನ್ನು ನಡುವಿನಲ್ಲಿ ಬಿಟ್ಟು ಎರಡು ಕಡೆಗೂ ಹರಿಯಿಸಿದರು. ಎಡದ ನೂಕನ್ನು ಬಲದ ನೂಕು ಸರಿಗಟ್ಟಿತು. ಉಗಿಯು ಒಂದೇ ದಿಕ್ಕಿಗೆ ಹರಿಯುವ ಯಂತ್ರಗಳಲ್ಲಿ ಇರುಸಿಗೆ ಡಮ್ಮಿ ಪಿಸ್ಟನ್ ಎಂಬ ಬಿಲ್ಲೆಯನ್ನು ಕೂಡಿಸಿ, ಅದೇ ಉಗಿಯಿಂದಲೇ ಅದನ್ನು ಎದುರು ದಿಕ್ಕಿಗೆ ನೂಕಿಸುವರು.

ಆದರೆ ಈ ಬಿಲ್ಲೆಯ ಅಂಚಿನಲ್ಲಿಯೂ ಸಂದು ಇರಲೇಬೇಕು. ಅಲ್ಲಿ ಸೋರಿದ ಉಗಿಯು ಅಲಗುಗಳಿಗೆ ಕೆಲಸಕೊಡದೆ ಹೋಗುವುದರಿಂದ ಕಲ್ಲಿದ್ದಲಿಗೆ ತೆತ್ತ ಹಣ ನಷ್ಟವಾದಂತೆಯೆ. ಇದಕ್ಕೆಂದು ತೆಳುವಾದ ಉಂಗುರಗಳನ್ನು ಒಂದರ ಹಿಂದೆ ಒಂದರಂತೆ ಚಕ್ರವ್ಯೂಹದ ಹಾಗೆ ನಿಲ್ಲಿಸಿರುವರು. ಒಂದು ಸಂದಿನಲ್ಲಿ ನುಸುಳಿದ ಉಗಿಯು ಮುಂದಿನ ಕೋಣೆಯಲ್ಲಿ ಸುಳಿಯಾಗಿ ವೇಗವನ್ನು ಕಳೆದುಕೊಳ್ಳುತ್ತದೆ. ಕೋಣೆಯಿಂದ ಕೋಣೆಗೆ ಒತ್ತಡವು ಇಳಿಯುತ್ತದೆ. ಸೋರಿಕೆ ನಿಲ್ಲದಿದ್ದರೂ ಬಹಳ ತಗ್ಗುತ್ತದೆ. ಅಲಗುಗಳ ತುದಿಯಲ್ಲಿಯೂ ಇಂಥ ತೆಳು ಅಂಚುಗಳುಂಟು. ಕೊಂಚ ತಗಲಿದರೆ ಅಂಚು ಸವೆಯುವುದು, ಅಲಗು ಉಳಿಯುವುದು.

ಇಷ್ಟಾದರೂ ಉಳಿಯುವ ನೂಕನ್ನು ಥ್ರಸ್ಟ್ ಬೇರಿಂಗು ತಾಳಿಕೊಳ್ಳಬೇಕು. ಆಸ್ಟ್ರೇಲಿಯದ ಮಿಚೆಲ್ ಎಂಬವರು 1905ರಲ್ಲಿ ಪೇಟೆಂಟು ಪಡೆದ ಬೇರಿಂಗಿನಲ್ಲಿ ತುಸು ವಾಲಬಲ್ಲ ಲೋಹದ ತುಂಡುಗಳಿವೆ. ಇರುಸು ತಿರುಗುವಾಗ ಎಣ್ಣೆಯು ಬೆಣೆಯಂತೆ ಅವುಗಳ ಮುಂದೆ ನುಗ್ಗಿ, ಲೋಹಕ್ಕೆ ಲೋಹ ತಗಲದಂತೆ ಕಾಯುತ್ತದೆ. ಕಾಗದದಷ್ಟು ತೆಳುವಾದ ಆ ಎಣ್ಣೆಯ ಪದರವು ಹರಿದರೆ ಇರುಸು ಸರಿದು, ತಿರುಗುವ ಅಲಗುಗಳು ನಿಂತ ಅಲಗುಗಳಿಗೆ ಬಡಿದು, ಯಂತ್ರವೇ ನಾಶವಾದೀತು. ಆದಕಾರಣ ಇರುಸಿನ ಸರಿದಾಟವನ್ನು ಮಾಪಕವೊಂದು ಸದಾ ಅಳೆಯುತ್ತಿರುತ್ತದೆ. ಮೇರೆ ಮೀರಿದೊಡನೆ ಉಗಿಯ ದಾರಿಯು ತಾನಾಗಿ ಮುಚ್ಚಿಕೊಳ್ಳುತ್ತದೆ.

1985ರಲ್ಲಿ ಮೊದಲ ಘಟಕವನ್ನು ಆರಂಭಿಸಿದ ನಮ್ಮ ರಾಯಚೂರಿನ ವಿದ್ಯುತ್ ಕೇಂದ್ರದಲ್ಲಿಯೂ ರಾತ್ರಿ ಪಾಳಿಯವರು ಕಣ್ಣಿಡುವ ಅಳತೆಗಳಲ್ಲಿ ಇದೂ ಒಂದು. ನಾವು ಅಂಗಡಿಯ ಬಾಗಿಲೆಳೆದು ಮಲಗಿದ ಮೇಲೂ ಅವರು ಎಚ್ಚತ್ತಿರುತ್ತಾರೆ.