ಸೆರೆಮನೆಯ ತುರಿಕೆ: ಒಬ್ಬನಿಗಷ್ಟೇ ಮದ್ದು ಸಾಲದು

ನಿಪ್ಪಾಣಿ, ಚಿಕ್ಕೋಡಿ ಭಾಗದವರಿಗೆ ಸೆರೆಮನೆಯೆಂದರೆ ಮೊದಲು ನೆನಪಾಗುವುದು ಬೆಳಗಾವಿಯ ಹಿಂಡಲಗಾ ಕೇಂದ್ರ ಕಾರಾಗೃಹ. ಹಿಂಡಲಗಾ ಇರಲಿ, ಬೇರಾವುದೇ ಇರಲಿ, ಬಹುಜನ ಒಂದೇ ಕೋಣೆಯಲ್ಲಿ ಮಲಗುವ ಕಡೆ ಸುಲಭವಾಗಿ ಹರಡುವ ರೋಗಗಳು ತುರಿಕಜ್ಜಿ ಮತ್ತು ಹುಳುಕಡ್ಡಿ. ಪ್ರಾಣಕ್ಕೆ ಎರವಾಗುವುದು ವಿರಳವೆಂಬ ಕಾರಣಕ್ಕೇ ಇವು ಅಲಕ್ಷ್ಯಕ್ಕೆ ಗುರಿಯಾಗುತ್ತವೆ. ಆದರೆ ಕೆರೆದ ಗಾಯ ಕೀವಾಗಿ, ಕೆಲವೊಮ್ಮೆ ಮೂತ್ರಪಿಂಡಕ್ಕೂ ತೊಂದರೆ ತರಬಲ್ಲದು.

ಹರಡುವುದು ಹೇಗೆ?

ತುರಿಕಜ್ಜಿಗೆ ಕಾರಣ ಬರಿಗಣ್ಣಿಗೆ ಕಾಣಸಿಗದಷ್ಟು ಸಣ್ಣ ನುಸಿ. ಅದು ಚರ್ಮದ ಮೇಲ್ಪದರವನ್ನು ಕೊರೆದು ಮೊಟ್ಟೆಯಿಡುತ್ತದೆ. ಮೈಗೆ ಮೈ ತಾಗಿದಾಗ ದಾಟುತ್ತದೆ. ಮೊದಲ ಬಾರಿ ಸೋಂಕಿದವರಲ್ಲಿ ತುರಿಕೆ ಕಾಣಿಸಿಕೊಳ್ಳಲು 4ರಿಂದ 6 ವಾರ ಹಿಡಿಯಬಹುದು. ಆದ್ದರಿಂದ ಪ್ರವೇಶದ ದಿನದ ವೈದ್ಯಕೀಯ ತಪಾಸಣೆಯೊಂದರಿಂದಲೇ ರೋಗವನ್ನು ತಡೆಯಲಾಗದು.

ಎಲ್ಲರಿಗೂ ಒಂದೇ ದಿನ

ವೈದ್ಯರು ಸಾಮಾನ್ಯವಾಗಿ ಸೂಚಿಸುವುದು ಶೇ. 5ರ ಪರ್ಮೆಥ್ರಿನ್ ಮುಲಾಮು. ಕುತ್ತಿಗೆಯಿಂದ ಪಾದದವರೆಗೆ ಹಚ್ಚಿ, 8ರಿಂದ 14 ಗಂಟೆ ಬಿಟ್ಟು ತೊಳೆಯಬೇಕು. ವಾರದ ಬಳಿಕ ಮತ್ತೊಮ್ಮೆ ಹಚ್ಚಬೇಕು. ತುರಿಕೆಯಿಲ್ಲದವರೂ ಸೇರಿ ಕೋಣೆಯ ಎಲ್ಲರಿಗೂ ಒಂದೇ ದಿನ ಚಿಕಿತ್ಸೆಯಾಗಬೇಕು. ಬಟ್ಟೆ, ಹಾಸಿಗೆ ಹೊದಿಕೆಗಳನ್ನು ಅಂದೇ ಬಿಸಿನೀರಿನಲ್ಲಿ ಒಗೆಯಬೇಕು. ಇಲ್ಲವಾದರೆ ಗುಣಮುಖನಾದವನಿಗೆ ಪಕ್ಕದವನಿಂದ ರೋಗ ಮರಳುತ್ತದೆ. ನುಸಿ ಸತ್ತ ಮೇಲೂ ಕೆಲವು ವಾರ ತುರಿಕೆ ಉಳಿಯಬಹುದು. ಅದಕ್ಕೆ ಗಾಬರಿ ಬೇಡ.

ಹುಳುಕಡ್ಡಿ ಶಿಲೀಂಧ್ರದ ರೋಗ. ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ತುರಿಕೆ ತಣಿದಂತೆ ತೋರಿ, ಬಳಿಕ ರೋಗ ಹಬ್ಬುತ್ತದೆ. ಭೇಟಿಗೆ ಹೋಗುವ ಬಂಧುಗಳು ಇಂಥ ಮುಲಾಮನ್ನು ಕೊಡಲು ಯತ್ನಿಸದೆ, ಕೈದಿಯನ್ನು ಕಾರಾಗೃಹದ ವೈದ್ಯರಿಗೆ ತೋರಿಸುವಂತೆ ಕೋರುವುದು ಲೇಸು.

ದಯೆಯಲ್ಲ, ಹಕ್ಕು

ಬೆಂಗಳೂರು ಕೇಂದ್ರ ಕಾರಾಗೃಹದ ಕೈದಿಯೊಬ್ಬರ ಪತ್ರದಿಂದ ಆರಂಭವಾದ ರಾಮಮೂರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಸೆರೆಮನೆಗಳ ಒಂಬತ್ತು ಸಮಸ್ಯೆಗಳನ್ನು ಗುರುತಿಸಿತು. ಕೈದಿಗಳ ದಟ್ಟಣೆ, ಆರೋಗ್ಯ ಮತ್ತು ನೈರ್ಮಲ್ಯದ ಕಡೆಗಣನೆ ಅವುಗಳಲ್ಲಿ ಸೇರಿವೆ. ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳ ಪ್ರಕಾರ, ಹೊರಗಿನ ಸಮಾಜಕ್ಕೆ ದೊರೆಯುವ ಮಟ್ಟದ ಚಿಕಿತ್ಸೆಯೇ ಕೈದಿಗೂ ದೊರೆಯಬೇಕು.

2022ರ ಅಂತ್ಯಕ್ಕೆ ದೇಶದ ಕೈದಿಗಳಲ್ಲಿ ಸುಮಾರು ನಾಲ್ವರಲ್ಲಿ ಮೂವರು ವಿಚಾರಣಾಧೀನರಾಗಿದ್ದರು, ಅಂದರೆ ಅಪರಾಧ ಸಾಬೀತಾಗದವರು. ಜಾಮೀನು ಸಿಕ್ಕಿದೊಡನೆ ಅವರು ಮನೆಗೆ ಮರಳುತ್ತಾರೆ. ತುರಿಕಜ್ಜಿಯೂ ಜೊತೆಗೆ ಬರುತ್ತದೆ. ಆಗ ಮನೆಮಂದಿಯೆಲ್ಲ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು. ಒಳಗಿರುವವರಿಗೆ ಚಿಕಿತ್ಸೆ ದೊರೆಯದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಬಂಧನದಲ್ಲಿರುವವರಿಗೆ 1987ರ ಕಾಯ್ದೆಯನ್ವಯ ಕಾನೂನು ನೆರವು ಉಚಿತ.