ಬೆನ್ನುಹುರಿಗೆ ಪೆಟ್ಟು: ಶಾಕ್ ಮೂರು, ಗುರುತು ಬೇರೆ ಬೇರೆ

ಬೆನ್ನುಹುರಿಗೆ ಪೆಟ್ಟಾದವರಲ್ಲಿ ಮೂರು ಬಗೆಯ ಶಾಕ್ ಕಾಣಬಹುದು: ರಕ್ತಸ್ರಾವದ ಶಾಕ್, ನ್ಯೂರೋಜೆನಿಕ್ ಶಾಕ್ ಮತ್ತು ಸ್ಪೈನಲ್ ಶಾಕ್. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ಇಂಥ ಪೆಟ್ಟಿಗೆ ಕಾರಣಗಳು ಹಲವು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಅಡಿಕೆ ಮರ ಹತ್ತಿದವರು ಜಾರುತ್ತಾರೆ. ತೆಂಗಿನ ಮರದಿಂದ, ಹಂಚು ಸರಿಪಡಿಸುವಾಗ ಮಾಡಿನಿಂದ ಬೀಳುತ್ತಾರೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅಪಘಾತಗಳಾಗುತ್ತವೆ.

ಮೊದಲು ಶಂಕಿಸಬೇಕಾದದ್ದು ರಕ್ತಸ್ರಾವವನ್ನು. ಎದೆ, ಹೊಟ್ಟೆ, ಸೊಂಟದ ಮೂಳೆಯ ಸುತ್ತ ರಕ್ತ ಹರಿದರೆ ಹೊರಗೆ ಕಾಣುವುದಿಲ್ಲ. ರಕ್ತದೊತ್ತಡ ಇಳಿಯುತ್ತದೆ, ನಾಡಿ 100 ದಾಟಿ ಓಡುತ್ತದೆ, ಕೈಕಾಲು ತಣ್ಣಗಾಗಿ ಬೆವರುತ್ತವೆ, ಮೈ ಬಿಳಿಚಿಕೊಳ್ಳುತ್ತದೆ.

ನ್ಯೂರೋಜೆನಿಕ್ ಶಾಕ್‌ನಲ್ಲಿಯೂ ರಕ್ತದೊತ್ತಡ ಇಳಿಯುತ್ತದೆ; ಉಳಿದ ಗುರುತುಗಳು ತಿರುವುಮುರುವು. ಕುತ್ತಿಗೆಯಲ್ಲಿ ಅಥವಾ ಎದೆಯ 6ನೇ ಕಶೇರುಕಕ್ಕಿಂತ ಮೇಲೆ ಹುರಿಗೆ ಪೆಟ್ಟಾದರೆ, ರಕ್ತನಾಳಗಳನ್ನು ಬಿಗಿಯಾಗಿಡುವ, ಹೃದಯವನ್ನು ಚುರುಕುಗೊಳಿಸುವ ಸಿಂಪಥೆಟಿಕ್ ನರಗಳಿಗೆ ಮಿದುಳಿನ ಆಜ್ಞೆ ತಲುಪುವುದಿಲ್ಲ. ನಾಳಗಳು ಸಡಿಲಗೊಂಡು ರಕ್ತ ಕೆಳಗೇ ತಂಗುತ್ತದೆ. ನಾಡಿ ನಿಧಾನ, ಹಲವೊಮ್ಮೆ 60ಕ್ಕಿಂತ ಕಡಿಮೆ. ಪಾದ ಮುಟ್ಟಿದರೆ ಬೆಚ್ಚಗೆ, ಒಣಗಿದಂತೆ. ಇಲ್ಲಿ ಸಲೈನ್ ಮಿತವಾಗಿರಬೇಕು. ರಕ್ತನಾಳ ಬಿಗಿಗೊಳಿಸುವ ನಾರ್‌ಅಡ್ರಿನಲಿನ್, ನಾಡಿ ತೀರಾ ಇಳಿದರೆ ಅಟ್ರೊಪಿನ್ ಬೇಕಾಗುತ್ತದೆ.

ಎರಡೂ ಒಟ್ಟಿಗೇ ಇದ್ದಾಗ ಅಪಾಯ ಹೆಚ್ಚು. ಹೊಟ್ಟೆಯೊಳಗೆ ರಕ್ತ ಹರಿಯುತ್ತಿದ್ದರೂ ನಾಡಿ ಏರದು, ಸ್ಪರ್ಶಜ್ಞಾನ ಹೋದ ರೋಗಿಗೆ ನೋವೂ ತಿಳಿಯದು. ಆದ್ದರಿಂದ ಅಲ್ಟ್ರಾಸೌಂಡ್, ಸಿಟಿ ಸ್ಕ್ಯಾನ್ ಮಾಡಿ ರಕ್ತಸ್ರಾವವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ರಕ್ತದೊತ್ತಡದ ಕುಸಿತಕ್ಕೆ ಹುರಿಯ ಪೆಟ್ಟೊಂದೇ ಕಾರಣ ಎನ್ನಬೇಕು.

ಸ್ಪೈನಲ್ ಶಾಕ್ ರಕ್ತಪರಿಚಲನೆಯ ತೊಂದರೆಯಲ್ಲ. ಪೆಟ್ಟಿನ ಜಾಗದಿಂದ ಕೆಳಗೆ ಸ್ನಾಯುಗಳು ಜೋತುಬೀಳುತ್ತವೆ, ಮಂಡಿಗೆ ತಟ್ಟಿದರೆ ಕಾಲು ಚಿಮ್ಮುವುದಿಲ್ಲ, ಮೂತ್ರ ಕಟ್ಟುತ್ತದೆ. ಈ ಸ್ಥಿತಿ ಕೆಲವು ದಿನಗಳಿಂದ ವಾರಗಳವರೆಗೆ ಇರಬಹುದು. ಅದು ಕಳೆಯುವ ಮುನ್ನ, ಮುಂದೆ ಎಷ್ಟು ಚಲನೆ ಉಳಿದೀತೆಂದು ಮನೆಯವರಿಗೆ ಕೊನೆಯ ಮಾತು ಹೇಳಲಾಗದು.

ಬಿದ್ದವರನ್ನು ಕೈಕಾಲು ಹಿಡಿದೆತ್ತಿ ರಿಕ್ಷಾದಲ್ಲಿ ಕೂರಿಸುವುದು, ನೀರು ಕುಡಿಸುವುದು ಸಲ್ಲದು. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿ ಅಲುಗದಂತೆ ಹಿಡಿಯಬೇಕು. ಬೈಂದೂರಿನಿಂದ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗೆ ಸುಮಾರು 70 ಕಿಲೋಮೀಟರ್ ದಾರಿ. ಎಷ್ಟು ಎತ್ತರದಿಂದ ಬಿದ್ದರು, ಬಿದ್ದೊಡನೆ ಕೈಕಾಲು ಆಡುತ್ತಿದ್ದವೇ, ನಾಡಿ ಹೇಗಿತ್ತು, ಪಾದ ತಣ್ಣಗಿತ್ತೇ ಬೆಚ್ಚಗಿತ್ತೇ ಎಂಬುದನ್ನು ಜೊತೆಗಿದ್ದವರು ಸರಿಯಾಗಿ ಹೇಳಿದರೆ ಶಾಕ್‌ನ ಬಗೆ ಗುರುತಿಸಲು ವೈದ್ಯರಿಗೆ ಅಷ್ಟು ನೆರವು.